ಹೂತ ಗೋಡೆಯೂ ನನ್ನ ಮರೆವೂ

ನಮ್ಮ ಮನೆಯವರು ಡಾಕ್ಟರು. ಲಂಡನ್ನಿನ ಸರಕಾರಿ ಆಸ್ಪತ್ರೆಗಳಲ್ಲೇ ಅವರ ಆಯುಷ್ಯ ಕಳೆಯಿತು. ಕೆಂಟನ್ನಿನ ನಮ್ಮ ಮನೆಗೆ ಕನ್ನಡದವರು ಊಟಕ್ಕೆ ಬಂದರೆ ಒಬ್ಬರು ಅವರಿಗೆ ಮಂಡಿ ತೋರಿಸುತ್ತಿದ್ದರು, ಇನ್ನೊಬ್ಬರು ಬಿಪಿ ಮಾತ್ರೆಯ ಚೀಟಿ ತೆಗೆಯುತ್ತಿದ್ದರು. ಅಪ್ಪಿತಪ್ಪಿ ಯಾರಾದರೂ ನನ್ನ ಕೆಲಸ ಏನೆಂದು ಕೇಳಿದರೆ ನಾನು ಕಸದ ಗುಂಡಿ ಎನ್ನುತ್ತಿದ್ದೆ. ಆಮೇಲೆ ಮಾತು ತಾನಾಗಿಯೇ ಸಾರಿನ ಕಡೆಗೆ ತಿರುಗುತ್ತಿತ್ತು.

ನಾನು ಧಾರವಾಡದಲ್ಲಿ ಭೂವಿಜ್ಞಾನ ಓದಿದವಳು. ಮಕ್ಕಳು ಶಾಲೆಗೆ ಹೋಗತೊಡಗಿದ ಮೇಲೆ ಕ್ರೋಯ್ಡನ್ನಿನ ಒಂದು ಸಲಹಾ ಕಂಪನಿಗೆ ಸೇರಿದೆ. ಊರ ಕಸವನ್ನು ಎಲ್ಲಿ ಹೂಳಬೇಕು, ಹೂತ ಮೇಲೆ ಅದರಿಂದ ಇಳಿಯುವ ಕೊಳಕು ನೀರು ಎಲ್ಲಿಗೆ ಹೋಗುತ್ತದೆ, ಅದನ್ನು ತಡೆಯುವುದು ಹೇಗೆ ಎಂದು ಹೇಳುವುದು ನಮ್ಮ ಕೆಲಸ. ಈಗ ಅದೇ ಕೆಲಸಕ್ಕೆ ಬಂದಿರುವ ಇಬ್ಬರು ಕನ್ನಡದ ಹುಡುಗಿಯರು ಕಂಡಾಗಲೆಲ್ಲ, ಹಳೆಯದನ್ನು ಬರೆಯಿರಿ ಎನ್ನುತ್ತಾರೆ. ಬಡ್ತಿಯ ಕಥೆ ಬರೆಯಲು ನನ್ನ ಹತ್ತಿರ ಹೆಚ್ಚೇನೂ ಇಲ್ಲ. ನಾನು ಮಾಡಿದ ತಪ್ಪುಗಳಿವೆ. ಒಂದು ತಪ್ಪು ತಿಳಿಯದೆ ಮಾಡಿದ್ದು, ಇನ್ನೊಂದು ತಿಳಿದೇ ಮಾಡಿದ್ದು.

ತಿಳಿಯದೆ ಮಾಡಿದ್ದು ಮೊದಲನೆಯ ವರ್ಷ. ಎಸೆಕ್ಸ್ ಕಡೆಯ ಒಂದು ಕಸದ ಗುಂಡಿಯ ಸುತ್ತ ಹನ್ನೆರಡು ಕೊಳವೆ ಇಳಿಸಿದ್ದರು. ಒಳಗೆ ನೀರು ಎಷ್ಟು ಆಳದಲ್ಲಿದೆ ಎಂದು ಟೇಪು ಬಿಟ್ಟು ಅಳೆಯಬೇಕು. ಟೇಪಿನ ತುದಿ ನೀರಿಗೆ ತಾಗಿದರೆ ಪೀಂ ಎನ್ನುತ್ತದೆ. ನಾನು ಬಹಳ ಶ್ರದ್ಧೆಯಿಂದ ಹನ್ನೆರಡನ್ನೂ ಅಳೆದೆ. ಆದರೆ ಆ ಕೊಳವೆಗಳು ನೆಲದಿಂದ ಮೇಲಕ್ಕೆ ಒಂದೊಂದು ಒಂದೊಂದು ಎತ್ತರ ನಿಂತಿದ್ದವು. ನಾನು ಕೊಳವೆಯ ಬಾಯಿಂದ ಅಳೆದು, ನೆಲದಿಂದ ಅಳೆದದ್ದು ಎಂದು ಬರೆದಿದ್ದೆ. ನಕ್ಷೆ ಬಿಡಿಸಿದಾಗ ನೀರು ಗುಡ್ಡ ಹತ್ತಿ ಹರಿಯುತ್ತಿತ್ತು. ನಮ್ಮ ಆಗಿನ ಸಾಹೇಬರು, ನಿವೃತ್ತಿಯ ಅಂಚಿನಲ್ಲಿದ್ದ ಇಂಗ್ಲಿಷ್ ಮುದುಕರು, ಅದನ್ನು ನೋಡಿ ನಗಲೂ ಇಲ್ಲ, ಬೈಯಲೂ ಇಲ್ಲ. ಮರುದಿನ ನನ್ನ ಜೊತೆ ತಾವೇ ಬಂದು ಹನ್ನೆರಡು ಕೊಳವೆಯ ಎತ್ತರವನ್ನೂ ಅಳೆಸಿದರು.

ಕೆಲಸ ಕಲಿತದ್ದು ಅವರ ಹತ್ತಿರ. ಪ್ರತಿಯೊಬ್ಬರಿಗೂ ಹಳದಿ ರಟ್ಟಿನ ಒಂದು ಪುಸ್ತಕ ಕೊಡುತ್ತಿದ್ದರು. ಮಳೆಯಲ್ಲಿ ನೆನೆದರೂ ಹರಿಯದ ಕಾಗದ. ಜಾಗದಲ್ಲಿ ನಿಂತು, ಕಂಡದ್ದನ್ನು ನಿಂತಲ್ಲೇ ಬರೆಯಬೇಕು. ಆ ಪುಸ್ತಕ ಜಾಗದಲ್ಲಿ ನಡೆದವರ ಆಸ್ತಿ, ಕಂಪನಿಯದಲ್ಲ ಎಂದು ಅವರು ಹೇಳುತ್ತಿದ್ದರು. ಕೆಲಸ ಒಬ್ಬರಿಂದ ಇನ್ನೊಬ್ಬರಿಗೆ ಹೋದಾಗ ಕಡತ, ನಕ್ಷೆ, ಪತ್ರ ಎಲ್ಲವನ್ನೂ ಪಟ್ಟಿ ಮಾಡಿ ಸಹಿ ಹಾಕಿ ಕೊಡುತ್ತಿದ್ದೆವು. ಹಳದಿ ಪುಸ್ತಕ ಮಾತ್ರ ಅವರವರ ಮೇಜಿನಲ್ಲೇ ಉಳಿಯುತ್ತಿತ್ತು. ಹೊಸಬರು ಬಂದು ಪಕ್ಕದಲ್ಲಿ ಕೂತು ಕೇಳಬೇಕು, ಹಳಬರು ಪುಟ ತಿರುವಿ ಹೇಳಬೇಕು. ಅದು ರೂಢಿ. ನಮ್ಮ ಮನೆಗಳಲ್ಲಿ ಅಡುಗೆ ಕಲಿತದ್ದೂ ಹೀಗೇ ಅಲ್ಲವೇ, ಕೇಳಿದವರಿಗೆ ಅತ್ತೆ ಹೇಳಿಕೊಟ್ಟಳು.

ನನ್ನ ಪುಸ್ತಕ ತೆರೆಯುವ ಅಗತ್ಯವೇ ಬೀಳುತ್ತಿರಲಿಲ್ಲ ಎಂದು ಸ್ವಲ್ಪ ಜಂಬದಿಂದಲೇ ಹೇಳುತ್ತೇನೆ. ಯಾವ ಗುಂಡಿಯ ಯಾವ ಮೂಲೆಯಲ್ಲಿ ಕೊಳಕು ನೀರು ತಡೆಯುವ ಜೇಡಿಮಣ್ಣು ಎಷ್ಟು ದಪ್ಪ ಎಂದು ಕೇಳಿದರೆ ನಿಂತಲ್ಲೇ ಹೇಳುತ್ತಿದ್ದೆ. ಆಫೀಸಿನಲ್ಲಿ ಜನ ಕಡತ ಹುಡುಕುವ ಮೊದಲು ನನ್ನನ್ನು ಕೇಳುತ್ತಿದ್ದರು. ಇಂಗ್ಲಿಷು ತೊದಲುತ್ತಿದ್ದವಳಿಗೆ, ಕಾರು ಓಡಿಸಲು ಹೆದರುತ್ತಿದ್ದವಳಿಗೆ, ಅಲ್ಲಿ ಒಂದು ಹೆಸರು ಅಂತ ಇದ್ದದ್ದು ಅದೊಂದೇ. ಸುಲೋಚನಾ ಹೇಳಿದಳೆಂದರೆ ಮುಗಿಯಿತು, ಅಳೆದು ನೋಡಬೇಕಾಗಿಲ್ಲ ಎನ್ನುತ್ತಿದ್ದರು.

ತೊಂಬತ್ತರ ದಶಕದ ಕೊನೆಗೆ ಮಿಡ್‌ಲ್ಯಾಂಡ್ಸಿನ ಒಂದು ಕೆಲಸ ಬಂತು. ಊರಿನ ಹೆಸರು ಬೇಡ. ಅಲ್ಲಿ ಒಂದು ಕಸದ ಗುಂಡಿ ತುಂಬುತ್ತ ಬಂದಿತ್ತು. ಅದರ ಪಕ್ಕದಲ್ಲೇ ಹಳೆಯ ಕಲ್ಲಿದ್ದಲ ಗಣಿ. ಸುರಂಗದ್ದಲ್ಲ, ಮೇಲಿನಿಂದ ಬಗೆದು ತೆಗೆಯುವ ತೆರೆದ ಗಣಿ. ಕಲ್ಲಿದ್ದಲು ಮುಗಿದು ದೊಡ್ಡ ಹಳ್ಳವೊಂದು ಉಳಿದಿತ್ತು. ಕಸದ ಗುಂಡಿಯನ್ನು ಆ ಹಳ್ಳದೊಳಕ್ಕೆ ವಿಸ್ತರಿಸಬಹುದೇ ಎಂಬುದು ಪ್ರಶ್ನೆ. ಲಂಡನ್ನಿನ ಕಸವನ್ನು ರೈಲಿನಲ್ಲಿ ಅಲ್ಲಿಗೆ ತರುವ ಯೋಚನೆಯೂ ಇತ್ತು. ನಾನು ಕೆಂಟನ್ನಿನಲ್ಲಿ ಬುಧವಾರ ಬೆಳಗ್ಗೆ ಬಾಗಿಲ ಹೊರಗಿಡುವ ಚೀಲವೂ ಅಲ್ಲಿಗೇ ಹೋಗಬಹುದಿತ್ತು.

ತೆರೆದ ಗಣಿಯ ವಿಷಯದಲ್ಲಿ ಒಂದು ಸಂಗತಿ ಗೊತ್ತಿರಬೇಕು. ಅಲ್ಲಿ ನೆಲವನ್ನು ಪಟ್ಟಿ ಪಟ್ಟಿಯಾಗಿ ಬಗೆಯುತ್ತಾರೆ. ಒಂದು ಪಟ್ಟಿಯ ಮಣ್ಣು ಕಲ್ಲುಗಳನ್ನು ತೆಗೆದು, ಕಲ್ಲಿದ್ದಲು ಮುಗಿದ ಹಿಂದಿನ ಪಟ್ಟಿಗೆ ಸುರಿಯುತ್ತಾರೆ. ಹೀಗೆ ಅರ್ಧ ನೆಲ ಸಡಿಲ ತುಂಬು ಮಣ್ಣು, ಅರ್ಧ ನೆಲ ಗಟ್ಟಿ ಬಂಡೆ. ಇವೆರಡರ ನಡುವೆ ಗಣಿಯ ಕೊನೆಯ ಗೋಡೆ ಕಡಿದಾಗಿ ಹೂತು ನಿಂತಿರುತ್ತದೆ. ಮೇಲೆ ಹುಲ್ಲು ಬೆಳೆದ ಮೇಲೆ ಏನೂ ಕಾಣುವುದಿಲ್ಲ. ಗಣಿಯ ಪಂಪು ನಿಂತು ನೀರು ಮೇಲೇರಿದಾಗ ಸಡಿಲ ಮಣ್ಣು ಕುಸಿಯುತ್ತದೆ, ಬಂಡೆ ಕುಸಿಯುವುದಿಲ್ಲ. ಆ ಗೋಡೆಯ ಮೇಲೆ ಅಡ್ಡಡ್ಡಲಾಗಿ ಕಸದ ಗುಂಡಿಯ ತಳ ಹಾಸಿದರೆ ಜೇಡಿಯೂ ಬಿರಿಯುತ್ತದೆ, ಪ್ಲಾಸ್ಟಿಕ್ ಹಾಳೆಯೂ ಹರಿಯುತ್ತದೆ. ಕೊಳಕು ನೀರು ಸೀದಾ ಊರಿನ ತೊರೆಗೆ ಸೇರುತ್ತದೆ. ಆದ್ದರಿಂದ ಗೋಡೆ ಎಲ್ಲಿದೆ ಎಂದು ಗೊತ್ತಾಗುವುದೇ ಅರ್ಧ ಕೆಲಸ.

ಗಣಿಯವರು ಬಿಟ್ಟುಹೋದ ನಕ್ಷೆಯಲ್ಲಿ ಗೋಡೆಯನ್ನು ಕೆಂಪು ಗೆರೆಯಲ್ಲಿ ತೋರಿಸಿದ್ದರು. ನನಗೆ ಅದರ ಮೇಲೆ ಪೂರ್ತಿ ನಂಬಿಕೆ ಬರಲಿಲ್ಲ. ಅಲ್ಲಿ ಡ್ರ್ಯಾಗ್‌ಲೈನ್ ಎಂಬ, ಮನೆಯಷ್ಟು ದೊಡ್ಡ ಮಣ್ಣೆತ್ತುವ ಯಂತ್ರವನ್ನು ಓಡಿಸುತ್ತಿದ್ದ ವಿಲ್ಫ್ ಎಂಬ ಮುದುಕರು ಇದ್ದಾರೆ ಎಂದು ಅಂಚೆ ಕಚೇರಿಯ ಹೆಂಗಸು ಹೇಳಿದಳು. ಮೊದಲ ಸಲ ಹೋದಾಗ ಆತ ಬಾಗಿಲಲ್ಲೇ ನಿಂತು, ಕಂಪನಿಯವರಿಗೆ ಹೇಳುವುದೇನೂ ಇಲ್ಲ ಎಂದರು. ಎರಡನೆಯ ಸಲ ಮನೆಯಲ್ಲಿ ಮಾಡಿದ್ದ ಶೇಂಗಾ ಉಂಡಿ ಒಯ್ದೆ. ಅವರ ಹೆಂಡತಿ ಒಳಗೆ ಕರೆದು ಚಹಾ ಕೊಟ್ಟಳು. ಮೂರನೆಯ ಸಲ ವಿಲ್ಫ್ ತಾವೇ ಕೋಟು ಹಾಕಿಕೊಂಡು, ಕುಂಟುತ್ತ, ನನ್ನನ್ನು ಹೊಲಕ್ಕೆ ಕರೆದೊಯ್ದರು.

ನಕ್ಷೆಯ ಗೆರೆ ಸುಳ್ಳು ಎಂದರು. ಗಣಿ ಮುಚ್ಚುವ ಕೊನೆಯ ಚಳಿಗಾಲದಲ್ಲಿ ಒಳ್ಳೆಯ ಕಲ್ಲಿದ್ದಲಿನ ಒಂದು ತುಂಡು ಉಳಿದಿದೆ ಎಂದು ಗೆರೆ ದಾಟಿ ಇನ್ನೂ ಒಂದು ಪಟ್ಟಿ ಬಗೆದಿದ್ದರಂತೆ. ಅಳತೆಯವನು ಅಷ್ಟರಲ್ಲಿ ಕೆಲಸ ಬಿಟ್ಟು ಹೋಗಿದ್ದ. ಆಮೇಲೆ ಅವಸರದಲ್ಲಿ ಕೈಗೆ ಸಿಕ್ಕ ಬಂಡೆಗಳನ್ನೆಲ್ಲ ಅದರೊಳಗೆ ಉರುಳಿಸಿ ಮುಚ್ಚಿದರು. ಕೆಲವು ಬಂಡೆ ಕೋಣೆಯಷ್ಟು ದೊಡ್ಡವು ಎಂದು ಕೈ ಅಗಲಿಸಿ ತೋರಿಸಿದರು. ನಿಜವಾದ ಗೋಡೆ ಎಲ್ಲಿಂದ ಎಲ್ಲಿಗೆ ಎಂದು ಅವರು ಊರುಗೋಲಿನಲ್ಲಿ ತೋರಿಸಿದ ಹಾಗೆ ನಾನು ಹೆಜ್ಜೆ ಹಾಕಿ ಎಣಿಸಿದೆ. ಕೆಂಪು ಗೆರೆಯಿಂದ ಎಪ್ಪತ್ತೆರಡು ಹೆಜ್ಜೆ ಪೂರ್ವಕ್ಕೆ. ಹಳದಿ ಪುಸ್ತಕದಲ್ಲಿ ನಿಂತಲ್ಲೇ ಬರೆದುಕೊಂಡೆ. ರೈಲಿನಲ್ಲಿ ಲಂಡನ್ನಿನ ಯೂಸ್ಟನ್ ನಿಲ್ದಾಣದವರೆಗೂ ಒಬ್ಬಳೇ ನಗುತ್ತ ಬಂದೆ. ಆ ಕೆಲಸ ನನ್ನದು ಎಂದು ಆ ದಿನ ನನಗೆ ಅನ್ನಿಸಿತ್ತು.

ಎರಡು ವಾರಕ್ಕೆ ನಮ್ಮ ಹೊಸ ಮ್ಯಾನೇಜರ್ ಮಾರ್ಟಿನ್ ನನ್ನನ್ನು ಕರೆದು, ಈ ಕೆಲಸವನ್ನು ಸ್ಮಿತಾಳಿಗೆ ಕೊಡುತ್ತಿದ್ದೇನೆ ಎಂದ. ಹೊಸ ಕಾನೂನು ಬರುತ್ತಿದೆ, ಕಂಪ್ಯೂಟರಿನಲ್ಲಿ ನೀರಿನ ಲೆಕ್ಕ ತೋರಿಸಬೇಕು, ಸಾರ್ವಜನಿಕ ವಿಚಾರಣೆಯಲ್ಲಿ ವಕೀಲರ ಮುಂದೆ ನಿಲ್ಲಬೇಕು, ನಿಮಗೆ ಅದೆಲ್ಲ ತೊಂದರೆ ಎಂದು ಬಹಳ ಮರ್ಯಾದೆಯಿಂದ ಹೇಳಿದ. ನಾನು ಆಗಲಿ ಎಂದೆ.

ಸ್ಮಿತಾ ಮೈಸೂರಿನ ಹುಡುಗಿ. ಇಲ್ಲೇ ಎಂಎಸ್ಸಿ ಮಾಡಿ ನಮ್ಮಲ್ಲಿಗೆ ಬಂದು ಒಂದು ವರ್ಷವಾಗಿತ್ತು. ಕ್ರೋಯ್ಡನ್ನಿನಲ್ಲೇ ಫ್ಲ್ಯಾಟು ಮಾಡಿಕೊಂಡಿದ್ದಳು. ನಾನು ಕೆಂಟನ್ನಿನಿಂದ ಎರಡು ರೈಲು, ನೆಲದಡಿ ಓಡುವ ಒಂದು ಟ್ಯೂಬು ಬದಲಿಸಿ ಬೆವರಿ ತಲುಪುವಷ್ಟರಲ್ಲಿ ಅವಳು ಕಾಫಿ ಹಿಡಿದು ಕೂತಿರುತ್ತಿದ್ದಳು. ಅವಳನ್ನು ಕೆಲಸಕ್ಕೆ ತೆಗೆದುಕೊಳ್ಳಿ ಎಂದು ಶಿಫಾರಸು ಮಾಡಿದವಳು ನಾನೇ. ಮಗಳನ್ನು ನೋಡಲು ಬಂದಿದ್ದ ಅವಳ ತಾಯಿಯ ಪರಿಚಯ ನಮ್ಮ ಕನ್ನಡದ ಕೂಟದಲ್ಲಿ ಆಗಿತ್ತು. ಕೈಯಾರೆ ತಂದು ತಲೆಯ ಮೇಲೆ ಕೂರಿಸಿಕೊಂಡಿದ್ದೆ.

ಹೊಟ್ಟೆಕಿಚ್ಚು ಬಂತು ಎಂದು ಬರೆಯಲು ನನಗೆ ಈಗ ನಾಚಿಕೆಯಿಲ್ಲ. ಬಂದದ್ದು ಆ ದಿನವೂ ಅಲ್ಲ. ಅದು ಶುರುವಾದದ್ದು ಬೂಟಿನಿಂದ. ನಾನು ಸೇರಿದಾಗ ಹೆಂಗಸರ ಅಳತೆಯ ಬೂಟು ಕಂಪನಿಯಲ್ಲಿ ಇರಲಿಲ್ಲ. ಹನ್ನೊಂದು ವರ್ಷ ಗಂಡಸರ ಬೂಟಿನೊಳಗೆ ಎರಡೆರಡು ಕಾಲುಚೀಲ ತುರುಕಿ ಕೆಸರಿನಲ್ಲಿ ನಡೆದಿದ್ದೆ. ಸ್ಮಿತಾ ಬಂದ ಮೊದಲ ವಾರ, ನನ್ನ ಸೈಜಿಂದು ತರಿಸಿ ಎಂದಳು. ತರಿಸಿದರು. ಕೇಳಿದರೆ ಕೊಡುತ್ತಾರೆ ಎಂಬುದೇ ನನಗೆ ಗೊತ್ತಿರಲಿಲ್ಲ. ಅವಳ ಆ ಪುಟ್ಟ ಬೂಟುಗಳನ್ನು ಬಾಗಿಲ ಪಕ್ಕದಲ್ಲಿ ಕಂಡಾಗಲೆಲ್ಲ ನನಗೆ ಒಳಗೆ ಉರಿಯುತ್ತಿತ್ತು. ಅವಳ ಇಂಗ್ಲಿಷಿಗೆ ಉರಿಯುತ್ತಿತ್ತು, ಕಾರಿನ ಕೀಲಿಗೆ ಉರಿಯುತ್ತಿತ್ತು. ಆಫೀಸಿನಲ್ಲಿ ಎಲ್ಲರೂ ನನ್ನನ್ನು ಹೆಸರು ಹಿಡಿದು ಕರೆಯುತ್ತಿದ್ದಾಗ ಇವಳೊಬ್ಬಳು ಆಂಟಿ ಎನ್ನುತ್ತಿದ್ದಳು. ಪ್ರೀತಿಯಿಂದಲೇ. ಆದರೆ ಅದನ್ನು ಕೇಳಿ ಇಂಗ್ಲಿಷರೂ ತಮಾಷೆಗೆ ಆಂಟಿ ಎನ್ನತೊಡಗಿದರು.

ಮನೆಯಲ್ಲಿ ಹೇಳಿಕೊಂಡರೆ ನಮ್ಮವರು ಪೇಪರಿನಿಂದ ತಲೆ ಎತ್ತದೆ, ‘ಹುಡುಗಿ ಶಾಣ್ಯಾ ಅದಾಳ ಬಿಡ. ನೀ ಯಾಕ ಮನಸಿಗೆ ಹಚ್ಕೋತಿ?’ ಎಂದರು. ಶಾಣ್ಯಾ ಎಂಬ ಮಾತನ್ನು ಅವರು ನನಗೆ ಒಂದು ದಿನವೂ ಹೇಳಿದವರಲ್ಲ.

ಕೆಲಸ ಒಪ್ಪಿಸುವ ದಿನ ಪಟ್ಟಿ ಮಾಡಿದೆ. ಕಡತ ಏಳು, ನಕ್ಷೆ ಹದಿನಾಲ್ಕು, ಪತ್ರದ ಕಟ್ಟು ಮೂರು. ಇಬ್ಬರೂ ಸಹಿ ಹಾಕಿದೆವು. ಹಳದಿ ಪುಸ್ತಕ ನನ್ನ ಮೇಜಿನಲ್ಲಿತ್ತು. ಇವಳು ಬಂದು ಪಕ್ಕದಲ್ಲಿ ಕೂತು ಕೇಳಲಿ, ಹೇಳುತ್ತೇನೆ ಎಂದುಕೊಂಡೆ. ನಿಜವಾಗಿಯೂ ಹೇಳುವ ಮನಸ್ಸಿತ್ತು. ಒಂದು ಸಲ ಅವಳು ನನ್ನ ಕಡೆ ನೋಡಿ, ಆಂಟಿ ನೀವು ಹೇಳಬೇಕು ಎಂದರೆ ಸಾಕಾಗಿತ್ತು. ಅವಳು ಕಡತ ಎತ್ತಿಕೊಂಡು, ಥ್ಯಾಂಕ್ಸ್ ಆಂಟಿ, ಏನಾದ್ರೂ ಇದ್ರೆ ಇಮೇಲ್ ಮಾಡ್ತೀನಿ ಎಂದು ಹೋದಳು.

ಇಮೇಲು ಬರಲಿಲ್ಲ. ನಾನೂ ಹೋಗಲಿಲ್ಲ. ಒಂದು ವಾರ ಹೇಳದಿದ್ದರೆ ಎರಡನೆಯ ವಾರ ಹೇಳುವುದು ಕಷ್ಟ, ತಿಂಗಳಾದ ಮೇಲೆ ಇನ್ನೂ ಕಷ್ಟ. ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳಿದರೆ ಏನು ಹೇಳಲಿ? ಬಿಸಿ ತುಪ್ಪ ಬಾಯಿಗೆ ಹಾಕಿಕೊಂಡ ಹಾಗಾಗಿತ್ತು, ಉಗುಳುವ ಹಾಗೂ ಇಲ್ಲ, ನುಂಗುವ ಹಾಗೂ ಇಲ್ಲ. ಆದರೂ ಅವಳೇ ಕೊರೆಸುತ್ತಾಳಲ್ಲ, ತೂತು ಹಾಕಿದರೆ ತುಂಬು ಮಣ್ಣು ಸಿಕ್ಕಿಯೇ ಸಿಗುತ್ತದೆ ಎಂದು ಸಮಾಧಾನ ಮಾಡಿಕೊಂಡೆ.

ಕೊರೆಸಿದಳು. ಒಂದು ಮಧ್ಯಾಹ್ನ ನನ್ನದೇನನ್ನೋ ತೆಗೆಯಲು ಪ್ರಿಂಟರಿನ ಹತ್ತಿರ ಹೋದೆ. ಅವಳ ಕೊರೆತದ ಹಾಳೆಗಳು ಬಂದು ಬಿದ್ದಿದ್ದವು. ನಿಂತು ಓದಿದೆ. ಒಂಬತ್ತನೆಯ ತೂತು ಸರಿಯಾಗಿ ವಿಲ್ಫ್ ಹೇಳಿದ ಆ ಪಟ್ಟಿಯ ಮೇಲೇ ಇತ್ತು. ನಾಲ್ಕು ಮೀಟರ್ ಮಣ್ಣು, ಆಮೇಲೆ ಮರಳುಗಲ್ಲು, ಒಂದೂವರೆ ಮೀಟರ್ ಕಲ್ಲು ಕೊರೆದು ‘ಗಟ್ಟಿ ಬಂಡೆ’ ಎಂದು ಬರೆದು ನಿಲ್ಲಿಸಿದ್ದರು. ಅದು ನೆಲದ ಬಂಡೆಯಲ್ಲ, ವಿಲ್ಫ್ ಹೇಳಿದ ಉರುಳಿಸಿದ ಕಲ್ಲು ಎಂದು ನನಗೆ ಆ ಕ್ಷಣವೇ ಗೊತ್ತಾಯಿತು. ತೆರೆದ ಗಣಿಯ ನೆಲದಲ್ಲಿ ಕನಿಷ್ಠ ಮೂರು ಮೀಟರ್ ಕೊರೆಯದೆ ಬಂಡೆ ಎನ್ನಬಾರದು ಎಂದು ನಮ್ಮ ಮುದಿ ಸಾಹೇಬರು ನನಗೆ ಹತ್ತು ಸಲ ಹೇಳಿದ್ದರು. ಅವಳಿಗೆ ಹೇಳಲು ಅವರು ಇರಲಿಲ್ಲ. ನಾನಿದ್ದೆ.

ಹಾಳೆಗಳನ್ನು ಅಂಚು ಸೇರಿಸಿ, ಇದ್ದ ಹಾಗೆಯೇ ಅಲ್ಲೇ ಇಟ್ಟು ಬಂದೆ. ಆಗ ನನಗೆ ಆದದ್ದು ದುಃಖವಲ್ಲ, ಭಯವಲ್ಲ. ಸಂತೋಷ. ಇದನ್ನು ಯಾರಿಗೂ ಈವರೆಗೆ ಹೇಳಿಲ್ಲ.

ಸಾರ್ವಜನಿಕ ವಿಚಾರಣೆ ಅಲ್ಲಿಯ ಕೌನ್ಸಿಲ್ಲಿನ ಸಭಾಂಗಣದಲ್ಲಿ ನಡೆಯಿತು. ಊರಿನವರು ಕಸ ಬೇಡವೆಂದು ಒಬ್ಬ ವಕೀಲನನ್ನು ಹಿಡಿದಿದ್ದರು. ಎರಡೂ ಕಡೆ ಕೇಳಿ ತೀರ್ಮಾನ ಹೇಳುವ ಸರಕಾರದ ಇನ್ಸ್‌ಪೆಕ್ಟರ್ ಮುಂದೆ ಕೂತಿದ್ದರು. ನನಗೆ ಅಲ್ಲಿ ಕೆಲಸವಿರಲಿಲ್ಲ. ಎರಡು ದಿನ ರಜೆ ಹಾಕಿ, ನನ್ನದೇ ಟಿಕೆಟ್ಟು ತೆಗೆದುಕೊಂಡು ಹೋಗಿ ಹಿಂದಿನ ಸಾಲಿನಲ್ಲಿ ಕೂತೆ. ಮಾರ್ಟಿನ್ ನೋಡಿ, ಸ್ಮಿತಾಗೆ ಬೆಂಬಲ ಕೊಡಲು ಬಂದಿರಾ, ಒಳ್ಳೆಯದಾಯಿತು ಎಂದ. ಅವಳು ಬೀಳುವುದನ್ನು ನೋಡಲು ಬಂದಿದ್ದೆ.

ಮೊದಲನೆಯ ದಿನ ಅವಳು ಬೀಳಲಿಲ್ಲ. ತಿಳಿನೀಲಿ ಕೋಟು ಹಾಕಿಕೊಂಡು, ಒಂದು ಮಾತೂ ತಡವರಿಸದೆ ವಕೀಲನಿಗೆ ಉತ್ತರ ಕೊಟ್ಟಳು. ತಳದ ಹಾಸು ಪೂರ್ತಿ ಗಟ್ಟಿ ಬಂಡೆಯ ಮೇಲಿರುತ್ತದೆ ಎಂದು ನಕ್ಷೆ ತೋರಿಸಿ ಹೇಳಿದಳು. ಇನ್ಸ್‌ಪೆಕ್ಟರ್ ತಲೆಯಾಡಿಸುತ್ತ ಬರೆದುಕೊಂಡರು. ನನಗೆ ಮತ್ತೆ ಬೇರೊಂದು ಉರಿ ಶುರುವಾಯಿತು. ಇವಳು ಗೆದ್ದೇ ಬಿಟ್ಟರೆ? ಗೋಡೆ ಅಲ್ಲೇ ಇದ್ದು, ಗುಂಡಿ ಅದರ ಮೇಲೇ ಆಗಿ, ಹಾಸು ಹರಿದು ಊರಿನ ತೊರೆ ಕೊಳೆತರೆ? ಹಾಗೆ ಯೋಚಿಸಿ ಆ ಇರುಳು ಹೋಟೆಲಿನಲ್ಲಿ ನಿದ್ದೆ ಬರಲಿಲ್ಲ. ಬೆಳಗ್ಗೆ ಹೇಳಿಬಿಡೋಣ ಎಂದು ಎದ್ದವಳು, ತಿಂಡಿಯ ಮೇಜಿನಲ್ಲಿ ಮಾರ್ಟಿನ್ ಅವಳಿಗೆ ಬ್ರೆಡ್ಡಿಗೆ ಬೆಣ್ಣೆ ಹಚ್ಚಿ ಕೊಡುತ್ತಿದ್ದುದನ್ನು ಕಂಡು ಬಾಯಿ ಮುಚ್ಚಿಕೊಂಡೆ.

ಎರಡನೆಯ ದಿನ ಊರಿನವರ ಕಡೆಯ ಸಾಕ್ಷಿ ವಿಲ್ಫ್. ಈಗ ಗಾಲಿಕುರ್ಚಿಯಲ್ಲಿ ಬಂದರು. ನಕ್ಷೆಯ ಗೆರೆ ದಾಟಿ ಬಗೆದದ್ದು, ಬಂಡೆ ಉರುಳಿಸಿದ್ದು, ಎಲ್ಲವನ್ನೂ ನನಗೆ ಹೇಳಿದ ಹಾಗೆಯೇ ಕೈ ಅಗಲಿಸಿ ಹೇಳಿದರು. ನಮ್ಮ ಕಡೆಯ ವಕೀಲ ಎದ್ದು, ಇಷ್ಟು ದೊಡ್ಡ ವಿಷಯವನ್ನು ಇಷ್ಟು ವರ್ಷ ಯಾರಿಗೂ ಹೇಳದೆ ಈಗ ವಿಚಾರಣೆಯ ದಿನ ಹೇಳುತ್ತಿದ್ದೀರಲ್ಲ, ಇದನ್ನು ನಂಬುವುದು ಹೇಗೆ ಎಂದು ಕೇಳಿದ. ಮುದುಕರಿಗೆ ಸಿಟ್ಟು ಬಂತು.

‘ಹೇಳದೆ ಏನು? ನಿಮ್ಮವರಿಗೇ ಹೇಳಿದೆ. ಅಗೋ, ಹಿಂದೆ ಕೂತಿದ್ದಾರಲ್ಲ, ಆ ಭಾರತದ ಹೆಂಗಸಿಗೆ. ಹೊಲಕ್ಕೆ ಕರೆದುಕೊಂಡು ಹೋಗಿ ತೋರಿಸಿದೆ. ಹೆಜ್ಜೆ ಹಾಕಿ ಅಳೆದು ಹಳದಿ ಪುಸ್ತಕದಲ್ಲಿ ಬರೆದುಕೊಂಡರು.’ ಆಮೇಲೆ ನನ್ನ ಕಡೆ ನೋಡಿ, ಸಿಟ್ಟು ಇಳಿದು, ಕೈ ಬೀಸಿದರು. ‘ಶೇಂಗಾದ ಉಂಡೆ ತಂದಿದ್ದರು. ನನ್ನ ಹೆಂಡತಿಗೆ ಬಹಳ ಇಷ್ಟವಾಗಿತ್ತು.’

ಸಭೆಯೆಲ್ಲ ತಿರುಗಿ ನನ್ನನ್ನು ನೋಡಿತು. ಕೆಲವರು ನಕ್ಕರು. ಸ್ಮಿತಾ ಕೊನೆಗೆ ತಿರುಗಿದಳು. ಅವಳು ನಗಲಿಲ್ಲ. ಇನ್ಸ್‌ಪೆಕ್ಟರ್ ವಿಚಾರಣೆ ಮುಂದೂಡಿದರು. ಒಂದು ವಾರದಲ್ಲಿ ಒಂಬತ್ತನೆಯ ತೂತಿನ ಪಕ್ಕದಲ್ಲೇ ಮತ್ತೆ ಕೊರೆಸಿದಾಗ, ಕಲ್ಲಿನ ಕೆಳಗೆ ಮತ್ತೆ ಸಡಿಲ ಮಣ್ಣು ಸಿಕ್ಕಿತು. ಅರ್ಜಿಯನ್ನು ಕಸದ ಗುಂಡಿಯ ಕಂಪನಿ ಹಿಂದಕ್ಕೆ ತೆಗೆದುಕೊಂಡಿತು. ಎರಡು ವರ್ಷದ ಕೆಲಸ ನೀರಿಗೆ ಬಿತ್ತು.

ಅದರ ಮುಂದಿನ ಸೋಮವಾರ ಮಾರ್ಟಿನ್ ಕೋಣೆಗೆ ಕರೆಸಿದ. ಸ್ಮಿತಾ ಆಗಲೇ ಕೂತಿದ್ದಳು. ಕೆಲಸ ಹೋಯಿತು ಎಂದೇ ನಾನು ತಿಳಿದಿದ್ದೆ. ಬೈದಿದ್ದರೆ, ಯಾಕೆ ಮುಚ್ಚಿಟ್ಟೆ ಎಂದು ಕೇಳಿದ್ದರೆ, ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದೆನೋ ಏನೋ. ಆತ ಬೈಯಲಿಲ್ಲ. ಮೆತ್ತಗೆ, ನೆಲ ನೋಡುತ್ತ, ಮನಸ್ಸಿನಿಂದ ಜಾರಿಹೋಗಿತ್ತೇ, ನನ್ನ ಅಮ್ಮನಿಗೂ ಈ ವಯಸ್ಸಿನಲ್ಲಿ ಹೀಗೆ ಆಗುತ್ತಿತ್ತು, ಡಾಕ್ಟರನ್ನು ಕಂಡಿರಾ ಎಂದು ಕೇಳಿದ. ತಪ್ಪಿಸಿಕೊಳ್ಳಲು ಬಾಗಿಲು ತೆರೆದು ಹಿಡಿದಿದ್ದ.

ನಾನು ಸ್ಮಿತಾಳನ್ನು ನೋಡಿದೆ. ಹೊಟ್ಟೆಕಿಚ್ಚಿನಿಂದ ಎಂದು ಅವಳ ಮುಂದೆ ಹೇಳುವುದು ಸಾಧ್ಯವಿರಲಿಲ್ಲ.

‘ಹೌದು,’ ಎಂದೆ. ‘ಮರೆತುಹೋಗಿತ್ತು.’

ಸ್ಮಿತಾ ಒಂದು ಗಳಿಗೆ ನನ್ನ ಮುಖವನ್ನೇ ನೋಡಿದಳು. ಆಮೇಲೆ ಮಾರ್ಟಿನ್ ಕಡೆ ತಿರುಗಿ, ಇವರಿಗೆ ಮನೆಯಲ್ಲೂ ಬಹಳ ಕೆಲಸ, ದೂರದಿಂದ ಬರುತ್ತಾರೆ, ಕೇಳದೆ ಇದ್ದದ್ದು ನನ್ನ ತಪ್ಪು ಎಂದು ಚಂದದ ಇಂಗ್ಲಿಷಿನಲ್ಲಿ ನನ್ನ ಪರ ವಹಿಸಿ ಮಾತಾಡಿದಳು. ನನ್ನ ಸುಳ್ಳನ್ನೂ ನನಗಿಂತ ಚೆನ್ನಾಗಿ ಅವಳೇ ಹೇಳಿದಳು. ಆಗಲೂ ನನಗೆ ಉರಿಯಿತು.

ಮಾಡಿದ್ದುಣ್ಣೋ ಮಹರಾಯ ಎನ್ನುತ್ತಾರೆ. ಎಂಟು ವರ್ಷ ಉಂಡೆ. ಕೆಲಸದಿಂದ ತೆಗೆಯಲಿಲ್ಲ, ಸಂಬಳ ಕಡಿಮೆ ಮಾಡಲಿಲ್ಲ. ಎಲ್ಲರೂ ಒಳ್ಳೆಯವರಾದರು. ಮೀಟಿಂಗಿನ ಹಿಂದಿನ ದಿನ ನನಗೊಬ್ಬಳಿಗೇ ನೆನಪಿನ ಇಮೇಲು ಬರುತ್ತಿತ್ತು. ಬೆಳಗ್ಗೆ ಮತ್ತೊಮ್ಮೆ ಯಾರಾದರೂ ಮೇಜಿನ ಹತ್ತಿರ ಬಂದು ನಗುತ್ತ ಹೇಳಿ ಹೋಗುತ್ತಿದ್ದರು. ನನ್ನ ವರದಿಯ ಪ್ರತಿ ಅಂಕೆಯನ್ನೂ ಇನ್ನೊಬ್ಬರು ತಾಳೆ ನೋಡುತ್ತಿದ್ದರು. ಕೆಲಸ ಒಪ್ಪಿಸುವಾಗ ಹಳದಿ ಪುಸ್ತಕದ ಪ್ರತಿ ಪುಟವನ್ನೂ ನಕಲು ತೆಗೆದು ಕೊಡಬೇಕೆಂದು ಹೊಸ ನಿಯಮ ಬಂತು. ಅದಕ್ಕೆ ಆಫೀಸಿನಲ್ಲಿ ಸುಲೋಚನಾ ರೂಲ್ ಎಂದೇ ಹೆಸರು. ಒಳ್ಳೆಯ ನಿಯಮ, ನೀವೂ ಪಾಲಿಸಿ. ಜೇಡಿ ಎಷ್ಟು ದಪ್ಪ ಎಂದು ಮಾತ್ರ ಯಾರೂ ನನ್ನನ್ನು ಕೇಳುತ್ತಿರಲಿಲ್ಲ. ಗೊತ್ತಿದ್ದು ಹೇಳಿದರೂ, ಥ್ಯಾಂಕ್ಸ್ ಎಂದು ಹೇಳಿ ಕಡತ ತೆಗೆದು ನೋಡುತ್ತಿದ್ದರು.

ಸುದ್ದಿ ಕನ್ನಡದ ಕೂಟಕ್ಕೂ ಬಂತು. ರೇನರ್ಸ್ ಲೇನಿನ ಅಂಗಡಿಯಲ್ಲಿ ತೊಗರಿಬೇಳೆ ಕೊಳ್ಳುತ್ತ ನಿಂತರೆ ಯಾರಾದರೂ ಹೆಂಗಸು ಪಕ್ಕಕ್ಕೆ ಕರೆದು, ಬ್ರಾಹ್ಮಿ ತಗೊಳ್ಳಿ, ಬಾದಾಮಿ ನೆನೆಸಿ ತಿನ್ನಿ ಎನ್ನುತ್ತಿದ್ದರು. ನಮ್ಮವರಿಗೂ ಯಾರೋ ಮುಟ್ಟಿಸಿದರು. ಒಂದು ಭಾನುವಾರ ನನ್ನನ್ನು ಅಡುಗೆಮನೆಯ ಕುರ್ಚಿಯಲ್ಲಿ ಕೂರಿಸಿ, ಈ ದೇಶದ ಪ್ರೈಮ್ ಮಿನಿಸ್ಟರ್ ಯಾರು, ಇವತ್ತು ಯಾವ ವಾರ, ನೂರರಿಂದ ಏಳೇಳು ಕಳೆಯುತ್ತ ಹೋಗು ಎಂದು ಪರೀಕ್ಷೆ ಮಾಡಿದರು. ಎರಡರವರೆಗೂ ಕಳೆದು ತೋರಿಸಿದೆ.

‘ಎಲ್ಲಾ ಸರಿ ಅದ,’ ಎಂದರು. ‘ಮತ್ತ ಹ್ಯಾಂಗ ಮರತಿ?’

‘ಮರತೆ,’ ಎಂದೆ. ಕಟ್ಟಿಕೊಂಡ ಗಂಡನಿಗೂ ನಿಜ ಹೇಳಲಾಗಲಿಲ್ಲ. ಅವರು ನನ್ನ ಬಗ್ಗೆ ಹೆಮ್ಮೆಪಡುತ್ತಿದ್ದದ್ದು ಒಂದೇ ವಿಷಯಕ್ಕೆ. ನಮ್ಮಾಕಿಗೆ ಎಲ್ಲರ ಫೋನ್ ನಂಬರೂ ಬಾಯಿಪಾಠ ಎಂದು ಬಂದವರ ಮುಂದೆಲ್ಲ ಹೇಳಿಕೊಳ್ಳುತ್ತಿದ್ದರು. ಆ ಭಾನುವಾರದಿಂದ ಹೇಳುವುದನ್ನು ನಿಲ್ಲಿಸಿದರು.

ಕ್ರೋಯ್ಡನ್ನಿಗೆ ಟ್ರಾಮು ಬಂದು ಹಳತಾಯಿತು, ನಕ್ಷೆ ಬಿಡಿಸುವ ಮೇಜುಗಳನ್ನು ಎತ್ತಿ ಹೊರಗೆ ಹಾಕಿದರು. ಮಿಡ್‌ಲ್ಯಾಂಡ್ಸಿನ ಗುಂಡಿಯ ಯೋಜನೆಯನ್ನು ಸ್ಮಿತಾ ಹೊಸದಾಗಿ ಮಾಡಿದಳು. ಗೋಡೆಯಿಂದ ದೂರ ಸರಿದು, ಪೂರ್ತಿ ಗಟ್ಟಿ ನೆಲದ ಮೇಲೆ, ಮೊದಲಿಗಿಂತ ಚಿಕ್ಕದಾಗಿ. ಈ ಸಲ ಒಪ್ಪಿಗೆ ಸಿಕ್ಕಿತು. ವರದಿಯಲ್ಲಿ ವಿಲ್ಫ್ ಹೆಸರಿಗೆ ಕೃತಜ್ಞತೆ ಬರೆದಿದ್ದಳು. ನಿಜ ಹೇಳಬೇಕೆಂದರೆ ಬಹಳ ಒಳ್ಳೆಯ ಕೆಲಸ. ನಾನು ಅಷ್ಟು ಚೆನ್ನಾಗಿ ಮಾಡುತ್ತಿರಲಿಲ್ಲ. ಅದನ್ನು ಒಪ್ಪಿಕೊಳ್ಳಲು ನನಗೆ ನಿವೃತ್ತಿಯಾಗಬೇಕಾಯಿತು.

ನಾನು ಬಿಡುವ ವಾರ ಸ್ಮಿತಾ ನನ್ನನ್ನು ಒಬ್ಬಳನ್ನೇ ಊಟಕ್ಕೆ ಕರೆದೊಯ್ದಳು. ಆಗ ಅವಳು ಮಾರ್ಟಿನ್ ಕುರ್ಚಿಯಲ್ಲಿದ್ದಳು. ಮಸಾಲೆದೋಸೆ ಬಂತು. ಅವಳು ತಿನ್ನಲಿಲ್ಲ.

‘ಆಂಟಿ, ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನೀವು ನಿಜವಾಗ್ಲೂ ಮರ್ತಿದ್ರಾ?’

ಒಂಬತ್ತನೆಯ ತೂತಿನ ಹಾಳೆ ಪ್ರಿಂಟರಿನಲ್ಲಿ ಎಷ್ಟನೆಯದಾಗಿತ್ತು ಎಂಬುದು ಕೂಡ ನನಗೆ ಆಗ ನೆನಪಿತ್ತು. ಮೇಲಿನಿಂದ ಮೂರನೆಯದು.

‘ಹೌದಮ್ಮ,’ ಎಂದೆ. ‘ವಯಸ್ಸಾಯಿತಲ್ಲ.’

‘ನಾನು ಎಷ್ಟೋ ಸಲ ನಿಮ್ಮ ಟೇಬಲ್ ಹತ್ರ ಬಂದು ವಾಪಸ್ ಹೋಗಿದ್ದೆ. ಕೇಳಿದ್ರೆ ಇದೂ ಗೊತ್ತಿಲ್ವಾ ಅಂತೀರೇನೋ ಅಂತ. ನಿಮಗೆ ಎಲ್ಲಾ ಬಾಯಲ್ಲೇ ಇರ್ತಿತ್ತು. ನನಗೆ ಅದು ನೋಡಿದ್ರೆ ಆಗ್ತಿರಲಿಲ್ಲ.’

ಅವಳಿಗೂ ನನ್ನ ಮೇಲೆ ಹೊಟ್ಟೆಕಿಚ್ಚು ಇತ್ತು. ಇಡೀ ಆಫೀಸಿನಲ್ಲಿ ನನ್ನನ್ನು ನೋಡಿ ಹೊಟ್ಟೆಕಿಚ್ಚು ಪಟ್ಟವಳು ಅವಳೊಬ್ಬಳೇ ಇರಬೇಕು. ಆಗಲಾದರೂ ಹೇಳಬಹುದಿತ್ತು. ದೋಸೆ ಆರುತ್ತೆ, ತಿನ್ನು ಎಂದೆ.

ಈ ಬರಹ ಅವಳ ಕೈಗೂ ಹೋಗುತ್ತದೆ, ಗೊತ್ತು. ಇದನ್ನು ಕೇಳಿ ಬರೆಸಿದ ಹುಡುಗಿಯರು ಅವಳ ಕೈಕೆಳಗೇ ಇದ್ದಾರೆ. ಅವರು ನನ್ನ ಬಗ್ಗೆ ಏನು ಕೇಳಿದ್ದಾರೆ ಎಂಬುದೂ ಗೊತ್ತು, ಪಾಪ ಆಂಟಿಗೆ ಕೊನೆಕೊನೆಗೆ ನೆನಪು ಇರುತ್ತಿರಲಿಲ್ಲ ಎಂದು. ಸ್ಮಿತಾ, ನನಗೆ ಎಲ್ಲವೂ ನೆನಪಿತ್ತು. ಪ್ರತಿದಿನ ನೆನಪಿತ್ತು. ನೀವೆಲ್ಲ ಹೊಟ್ಟೆಕಿಚ್ಚಿನ ಹೆಂಗಸು ಅನ್ನಿ, ಒಪ್ಪಿಕೊಳ್ಳುತ್ತೇನೆ. ಮರೆವಿನವಳು ಎಂದು ಮಾತ್ರ ಇನ್ನು ಅನ್ನಬೇಡಿ.